ಒಸಡಿನ ಕಾಳು

ಫಕ್ಕೀರವ್ವನ ರಕ್ತ ನಳಿಗೆಯೊಳಗೆ ಮೂರನೆಯ ಸಲ ಹೆಪ್ಪುಗಟ್ಟಿದ ದಿನ, ಸೊಸೆ ನಿರ್ಮಲಾ ಆ ಸೋಸುವ ಕೊಳವೆಯನ್ನು ಕೆಂಪು ಚೀಲಕ್ಕೆ ಹಾಕುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತಳು. ಗೇಣುದ್ದದ ಕೊಳವೆ. ಅದರೊಳಗೆ ಕೂದಲಿಗಿಂತ ಸಣ್ಣ, ಟೊಳ್ಳಾದ ಸಾವಿರಾರು ಎಳೆಗಳು. ರಕ್ತ ಹಾದು ತೊಳೆದುಕೊಂಡು ಬರಬೇಕಾದ ಆ ಎಳೆಗಳೆಲ್ಲ ಕಪ್ಪಗೆ ಬಿಗಿದುಹೋಗಿದ್ದವು. ಒಳಗೆ ಸಿಕ್ಕಿಕೊಂಡದ್ದು ಹೆಚ್ಚೆಂದರೆ ಒಂದು ಬಟ್ಟಲು ರಕ್ತ. ಆದರೆ ಮೈಯಲ್ಲಿ ರಕ್ತವೇ ಕಡಿಮೆಯಿದ್ದ ಅರವತ್ತೆರಡರ ಹೆಂಗಸಿಗೆ ಆ ಒಂದು ಬಟ್ಟಲು ಮತ್ತೆ ಕೂಡಿಬರಲು ಎಷ್ಟು ದಿನ ಬೇಕೆಂಬುದು ನಿರ್ಮಲಾಗೆ ಗೊತ್ತಿತ್ತು. ಅವಳೇ ಆ ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯ ಟೆಕ್ನಿಷಿಯನ್.

ಉಳಿದ ರೋಗಿಗಳಿಗೆ ರಕ್ತ ತೆಳುವಾಗಿಡಲು ಹೆಪಾರಿನ್ ಕೊಡುತ್ತಿದ್ದರು. ಫಕ್ಕೀರವ್ವನಿಗೆ ಅದು ಆಗುತ್ತಿರಲಿಲ್ಲ. ಅವಳ ಹೊಟ್ಟೆಯಲ್ಲಿ ಹಳೆಯ ಹುಣ್ಣಿತ್ತು. ಹೋದ ವರ್ಷ ಹೆಪಾರಿನ್ ಕೊಟ್ಟ ಮರುದಿನ ಕಾಫಿ ಗಸಿಯಂಥದನ್ನು ಬೊಗಸೆ ತುಂಬ ಕಾರಿಕೊಂಡು, ಜಿಲ್ಲಾ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿ ಎದ್ದುಬಂದಿದ್ದಳು. ಆಗಿನಿಂದ ಡಾಕ್ಟರ್ ಕುಸುಗಲ್ ಅವಳ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು: ಹೆಪಾರಿನ್ ಬೇಡ. ಕೊಟ್ಟರೆ ಹೊಟ್ಟೆಯೊಳಗೆ ಸೋರುತ್ತದೆ, ಕೊಡದಿದ್ದರೆ ನಳಿಗೆಯೊಳಗೆ ಕಟ್ಟುತ್ತದೆ. ಅರ್ಧ ತಾಸಿಗೊಮ್ಮೆ ಸಲಾಯನ್ ನೀರು ಹಾಯಿಸಿ ನಳಿಗೆ ತೊಳೆಯುತ್ತ, ಹೇಗೋ ದಿನ ನೂಕುತ್ತಿದ್ದರು.

"ಬದಕಿಸಾಕ ಹೊಂಟೀರೋ ಸೋಸಿ ಚೆಲ್ಲಾಕ ಹೊಂಟೀರೋ, ಒಂದನ್ನ ಹೇಳ್ರಿ," ಎಂದು ಫಕ್ಕೀರವ್ವ ಡಾಕ್ಟರನ್ನೇ ಕೇಳಿದ್ದಳು.

ಹಾಗಿರುವಾಗ ಆ ಹೊಸ ಯಂತ್ರ ಬಂತು.

ಅದಕ್ಕೊಂದು ಉದ್ದನೆಯ ಹೆಸರಿತ್ತು. ಕೋಣೆಯ ಜನ ಕರೆದದ್ದು ಲಿಂಬಿಹುಳಿ ಮಷಿನ್ ಎಂದು. ಕಂಪನಿಯವರು ಎರಡು ದಿನ ಕೂಡ್ರಿಸಿ ಹೇಳಿಕೊಟ್ಟಿದ್ದನ್ನು ನಿರ್ಮಲಾ ಮನೆಯಲ್ಲಿ ಅತ್ತೆಗೆ ಹೀಗೆ ಹೇಳಿದಳು: "ನೋಡ್ರಿ ಅತ್ತಿ, ರಕ್ತದಾಗ ಸುಣ್ಣದ ಅಂಶ ಇರತೈತಿ. ಅದಿದ್ರ ರಕ್ತ ಹೆಪ್ಪ ಆಗತೈತಿ, ಇಲ್ಲಂದ್ರ ಇಲ್ಲ. ನಿಮ್ಮ ಮೈಯಿಂದ ರಕ್ತ ಹೊರಗ ಬಂದ ಕೂಡಲೇ ಈ ಮಷಿನ್ ಅದಕ್ಕ ಲಿಂಬಿಹುಳಿ ಸತ್ವ ಕೂಡಸತೈತಿ. ಹುಳಿ ಹೋಗಿ ಸುಣ್ಣಾನ ಗಟ್ಟ್ಯಾಗಿ ಹಿಡಕೋತೈತಿ. ನಳಿಗ್ಯಾಗ ಕಟ್ಟೂದಿಲ್ಲ. ಆಮ್ಯಾಲ ತಿರುಗಿ ಮೈಯೊಳಗ ಹೋಗೂ ಮುಂದ ಎಷ್ಟ ಸುಣ್ಣ ಕಡಿಮಿ ಆಗೈತೋ ಅಷ್ಟನ್ನ ಸೂಜಿಲೇ ವಾಪಸ್ ಹನಸತೈತಿ. ಹೊಟ್ಟ್ಯಾಗಿನ ಹುಣ್ಣಿಗೆ ಇದರ ಸುದ್ದೀನ ಗೊತ್ತಾಗೂದಿಲ್ಲ."

"ಎಷ್ಟ ಕಡಿಮಿ ಆಗೈತಿ ಅಂತ ಅದಕ್ಕ ಹೆಂಗ ಗೊತ್ತು?"

ಕೇಳಬೇಕಾದ ಪ್ರಶ್ನೆಯೇ ಅದು. ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಇದನ್ನು ಹಿಂದಿನಿಂದಲೂ ಮಾಡುತ್ತಿದ್ದರು, ಆದರೆ ಮತ್ತೆ ಮತ್ತೆ ರಕ್ತ ತೆಗೆದು ಪರೀಕ್ಷೆ ಮಾಡಿ ಲೆಕ್ಕ ನೋಡಬೇಕಾಗುತ್ತಿತ್ತು. ತಾಲೂಕಿನಲ್ಲಿ ಅಂಥ ಲ್ಯಾಬ್ ಇರಲಿಲ್ಲ. ಈ ಕಂಪನಿ ಕಂಡುಹಿಡಿದದ್ದು ಬೇಳೆಕಾಳಿನಷ್ಟು ದೊಡ್ಡ ಒಂದು ಸಂವೇದಕ. ಅದನ್ನು ಕೆಳತುಟಿಯ ಒಳಗೆ, ಒಸಡಿನ ಅಂಚಿಗೆ ಅಂಟಿಸುವುದು. ಹಲ್ಲು ಒಸಡು ಸೇರುವ ಸಂದಿಯಲ್ಲಿ ರಕ್ತದಿಂದಲೇ ಜಿನುಗಿ ಬರುವ ನೀರಿರುತ್ತದೆ. ಅದರಲ್ಲಿನ ಸುಣ್ಣವನ್ನು ಕಾಳು ಗಳಿಗೆಗೊಮ್ಮೆ ಅಳೆದು ಯಂತ್ರಕ್ಕೆ ಹೇಳುತ್ತದೆ. ಹೆಚ್ಚಿದ್ದರೆ ಯಂತ್ರ ಹನಿ ಕಡಿಮೆ ಮಾಡುತ್ತದೆ, ಕಡಿಮೆಯಿದ್ದರೆ ಹೆಚ್ಚು ಮಾಡುತ್ತದೆ. ಹುಬ್ಬಳ್ಳಿಯ ನಿಗಾ ಕೋಣೆಯಲ್ಲಿ ಕುಳಿತವರು ನಲವತ್ತೆರಡು ತಾಲೂಕಿನ ಯಂತ್ರಗಳನ್ನು ಒಂದೇ ಗೋಡೆಯ ಮೇಲೆ ನೋಡುತ್ತಿರುತ್ತಾರೆ. ವಾರಕ್ಕೊಮ್ಮೆ ಅಲ್ಲಿಂದ ಡ್ರೋನ್ ಬಂದು ಆಸ್ಪತ್ರೆಯ ಮಾಳಿಗೆಯ ಮೇಲೆ ದ್ರಾವಣದ ಚೀಲಗಳನ್ನು ಇಳಿಸಿ ಹೋಗುತ್ತಿತ್ತು.

ನಿಯಮ ಒಂದೇ ಇತ್ತು. ಬಾಯಿ ಖಾಲಿ ಇರಬೇಕು. ಕಾಳು ಹಚ್ಚುವ ಮೊದಲು ರೋಗಿಯ ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ, ಪರದೆಯ ಮೇಲೆ ‘ಬಾಯಿ ಖಾಲಿ’ ಎಂಬ ಚೌಕಕ್ಕೆ ಗುರುತು ಹಾಕಬೇಕು. ಆಮೇಲೆ ನಾಲ್ಕು ತಾಸು ಏನೂ ಬಾಯಿಗೆ ಹೋಗಬಾರದು.

ಫಕ್ಕೀರವ್ವ ಎಲೆತೋಟದ ಹೆಂಗಸು. ಬಳ್ಳಿಹಾಳದಲ್ಲಿ ಅವರದು ಅರ್ಧ ಎಕರೆ ಎಲೆಬಳ್ಳಿ. ನುಗ್ಗೆ, ಚೊಗಚಿ ಗಿಡಕ್ಕೆ ಹಬ್ಬಿಸಿದ ಬಳ್ಳಿಗಳ ನಡುವಿನ ತಂಪಿನಲ್ಲೇ ಅವಳ ಆಯುಷ್ಯ ಕಳೆದಿತ್ತು. ಬಲಗೈ ಹೆಬ್ಬೆರಳಿಗೆ ತಗಡಿನ ಉಗುರು ಹಾಕಿಕೊಂಡು ಎಲೆ ಕೊಯ್ಯುವುದು, ಸಂಜೆ ಕಟ್ಟು ಕಟ್ಟುವುದು. ಸೊಂಟದ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಡಯಾಲಿಸಿಸ್ ಶುರುವಾದ ಮೇಲೆ ಡಾಕ್ಟರು ದಿನಕ್ಕೆ ಒಂದು ತಂಬಿಗೆ ನೀರಿನ ಮೇಲೆ ಕುಡಿಯಬಾರದೆಂದರು. ಬಾಯಾರಿಕೆ ತಡೆಯಲು ಅವಳಿಗೆ ಉಳಿದದ್ದು ಎಲೆಯೊಂದೇ. ಎಲೆಯ ರಸ ನಾಲಗೆಗೆ ಇಳಿದರೆ ಒಂದು ತಾಸು ನೀರಿನ ನೆನಪು ಬರುತ್ತಿರಲಿಲ್ಲ.

ಹೊಸ ಯಂತ್ರದ ಮೇಲೆ ಮೊದಲ ಸಲ ಅವಳನ್ನು ಮಲಗಿಸಿದಾಗ ನಿರ್ಮಲಾಳ ಕೈಯಲ್ಲಿ ಟಾರ್ಚ್ ಇತ್ತು. ಆಗಷ್ಟೇ ಪಕ್ಕದ ಹಾಸಿಗೆಯ ಇಮಾಮಸಾಬನ ಬಾಯಿ ನೋಡಿ ಬಂದಿದ್ದಳು. ಅತ್ತೆಯ ಎದುರು ನಿಂತಾಗ ಟಾರ್ಚನ್ನು ಕೆಳಗಿಳಿಸಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅತ್ತೆಯ ಮುಂದೆ ಕುರ್ಚಿಯ ಮೇಲೆ ಕುಂತವಳಲ್ಲ ಅವಳು. ‘ಬಾಯಿ ತಗೀರಿ’ ಎಂದು ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನೋಡುವುದೆ? ಫಕ್ಕೀರವ್ವ ತಾನೇ ಕೆಳತುಟಿಯನ್ನು ಬೆರಳಿನಿಂದ ತುಸು ಜಗ್ಗಿ ಹಿಡಿದಳು. ನಿರ್ಮಲಾ ಅಷ್ಟರಲ್ಲೇ ಕಾಳು ಹಚ್ಚಿ, ಚೌಕಕ್ಕೆ ಗುರುತು ಹಾಕಿದಳು.

ಎರಡನೆಯ ಸಲವೂ ಹಾಗೆಯೇ. ಆಮೇಲೆ ವಾರಕ್ಕೆ ಎರಡು ಸಲ ಅದೇ ರೂಢಿಯಾಯಿತು.

ರಕ್ತ ಕಟ್ಟಲಿಲ್ಲ. ನಾಲ್ಕು ತಾಸು ಮುಗಿದ ಮೇಲೆ ಕೊಳವೆ ತಿಳಿಯಾಗಿ ಬರುತ್ತಿತ್ತು. ಒಂದು ತಿಂಗಳಿಗೆ ಫಕ್ಕೀರವ್ವನ ಮುಖಕ್ಕೆ ಕಳೆ ಬಂತು. ತೋಟಕ್ಕೆ ಹೋಗಿ ಬದುವಿನ ಮೇಲೆ ಕುಂತು ಆಳುಗಳಿಗೆ ಬಯ್ಯುವಷ್ಟಾದಳು. ನಿರ್ಮಲಾಳ ಗಂಡ ಚನ್ನಬಸು, "ಅವ್ವನ ಬಾಯಿ ಮೊದಲಿನಂಗ ಆತು, ಇನ್ನ ನಮಗ ಸುಖ ಇಲ್ಲ," ಎಂದು ನಕ್ಕ.

ಏಳನೆಯ ವಾರದಲ್ಲಿ ಒಂದು ಸಂಜೆ ಫಕ್ಕೀರವ್ವ ರೊಟ್ಟಿ ಮುರಿಯಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಬೆರಳುಗಳು ತಾವಾಗಿ ಕೂಡಿಕೊಂಡಿದ್ದವು.

"ಏನಾತ್ರಿ ಅತ್ತಿ?"

"ಏನಿಲ್ಲ. ಜೋಮು."

ಅವಳ ಬಾಯಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲವೆಂಬುದು ಮನೆಮಂದಿಗೆಲ್ಲ ಗೊತ್ತು. ಚನ್ನಬಸುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಎಲೆ ಕೊಯ್ದು, ಸಂಜೆ ಹಡೆದ ಹೆಂಗಸು. ಹುಣ್ಣು ಸೋರಿ ಮಲ ಕಪ್ಪಗಾದದ್ದನ್ನು ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ.

ನಿರ್ಮಲಾ ಮರುದಿನ ಆಸ್ಪತ್ರೆಯಲ್ಲಿ ಯಂತ್ರ ಬರೆದಿಟ್ಟ ಅತ್ತೆಯ ಹಳೆಯ ಗೆರೆಗಳನ್ನು ತೆಗೆದು ನೋಡಿದಳು. ಪ್ರತಿ ಸಲವೂ ಮೊದಲ ತಾಸಿನಲ್ಲಿ ಸುಣ್ಣದ ಗೆರೆ ಒಂದು ಗುಡ್ಡದ ಹಾಗೆ ಏರಿ ಇಳಿದಿತ್ತು. ಈಚೆಗೆ ಗುಡ್ಡದ ಪಕ್ಕ ಎರಡನೆಯ, ಮೂರನೆಯ ಗುಡ್ಡಗಳೂ ಎದ್ದಿದ್ದವು. ನಿಗಾ ಕೋಣೆಗೆ ಕೇಳಿದಳು. ಅಲ್ಲಿನ ಎಂಜಿನಿಯರ್ ವೈಶಾಖ್ ಪರದೆಯ ಮೇಲೆ ಬಂದ. ಮೂವತ್ತು ದಾಟದ, ಕಣ್ಣು ಕೆಂಪಾದ ಹುಡುಗ.

"ಗಾಬರಿ ಬೇಡ ಸಿಸ್ಟರ್. ಕ್ಯಾಲ್ಸಿಯಂ ಏರಿದೆ, ಯಂತ್ರ ತಾನೇ ಹನಿ ಕಮ್ಮಿ ಮಾಡಿದೆ. ಅದರ ಕೆಲಸ ಅದು ಮಾಡ್ತಿದೆ. ಬಾಯಿ ಖಾಲಿ ಇತ್ತಲ್ವಾ? ನೀವೇ ಗುರುತು ಹಾಕಿದೀರಿ."

"ಹಾಕೇನ್ರಿ ಸರ್," ಎಂದಳು ನಿರ್ಮಲಾ.

ಒಂಬತ್ತನೆಯ ವಾರದ ಗುರುವಾರ, ಯಂತ್ರಕ್ಕೆ ಹಚ್ಚಿ ಒಂದೂವರೆ ತಾಸಾಗಿತ್ತು. ನಿರ್ಮಲಾ ಮೂಲೆಯ ಹಾಸಿಗೆಯವರ ಬಿಪಿ ನೋಡುತ್ತಿದ್ದಾಗ ಹಿಂದಿನಿಂದ ಇಮಾಮಸಾಬ ಕೂಗಿದ. "ಏ ಯವ್ವಾ, ನಿಮ್ಮತ್ತಿ ಕೈ ನೋಡ!"

ಫಕ್ಕೀರವ್ವನ ಎರಡೂ ಕೈ ಮಣಿಕಟ್ಟಿನಲ್ಲಿ ಬಾಗಿ, ಬೆರಳುಗಳು ಚಿಟಿಕೆ ಉಪ್ಪು ಹಿಡಿದ ಹಾಗೆ ಕೂಡಿ, ಕಲ್ಲಿನಂತೆ ಬಿಗಿದಿದ್ದವು. ತುಟಿ ನಡುಗುತ್ತಿತ್ತು. ಎದೆಬಡಿತದ ಗೆರೆಯಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹದಗೆಟ್ಟಿತ್ತು. ಆದರೆ ಯಂತ್ರದ ಪರದೆ ಸುಣ್ಣ ಬಹಳ ಹೆಚ್ಚೆಂದು ತೋರಿಸುತ್ತಿತ್ತು. ಹನಿ ಪೂರ್ತಿ ನಿಲ್ಲುವುದರಲ್ಲಿತ್ತು.

ಮೈ ಹೇಳುವುದೊಂದು, ಕಾಳು ಹೇಳುವುದೊಂದು. ನಿರ್ಮಲಾ ಹುಳಿಯ ಪಂಪನ್ನು ನಿಲ್ಲಿಸಿ, ಡಾಕ್ಟರನ್ನು ಕರೆತರಲು ಆಯಾಳನ್ನು ಓಡಿಸಿದಳು. ಸುಣ್ಣದ ಪಂಪಿಗೆ ಬೀಗವಿತ್ತು. ಅದನ್ನು ನಿಗಾ ಕೋಣೆಯವರೇ ತೆಗೆಯಬೇಕು. ಕರೆ ಹಚ್ಚಿ, ಅತ್ತೆಯ ಕಡೆ ತಿರುಗಿದಳು.

"ಅತ್ತಿ, ಬಾಯಿ ತಗೀರಿ."

ಫಕ್ಕೀರವ್ವ ತುಟಿ ಬಿಗಿದಳು.

"ತಗೀರಿ ಅಂದೆ!"

ಆ ದನಿಯನ್ನು ಅತ್ತೆ ಎಂದೂ ಕೇಳಿರಲಿಲ್ಲ. ಬಾಯಿ ತೆರೆಯಿತು. ಎಡದವಡೆಯಲ್ಲಿ ಹಸಿರು ಮುದ್ದೆ. ಕಾಳಿನ ಸುತ್ತ ಒಸಡಿಗೆ ಸುಣ್ಣ ಬೆಳ್ಳಗೆ ಮೆತ್ತಿಕೊಂಡಿತ್ತು.

"ಸಿಸ್ಟರ್," ವೈಶಾಖನ ದನಿ ಕೇಳಿತು, "ರೀಡಿಂಗ್ ಇಷ್ಟು ಹೆಚ್ಚಿರೋವಾಗ ಇನ್ನೂ ಕ್ಯಾಲ್ಸಿಯಂ ಯಾಕೆ ಕೇಳ್ತಿದೀರಿ? ಕಾರಣ ಹೇಳದೆ ಬೀಗ ತೆಗೆಯೋಕೆ ಬರಲ್ಲ."

ಫಕ್ಕೀರವ್ವ ಬಿಗಿದ ಕೈಯಿಂದಲೇ ಸೊಸೆಯ ಸೆರಗನ್ನು ಒತ್ತಿ ಹಿಡಿದಳು. "ಹೇಳಬ್ಯಾಡ ನಿಮ್ಮೀ. ಮಷಿನ್ ಪಟ್ಟಿಯಿಂದ ತಗದ ಹಾಕ್ತಾರ."

"ಬಾಯಾಗ ಎಲಿ ಐತ್ರಿ ಸರ್," ಎಂದಳು ನಿರ್ಮಲಾ. "ಎಲಿ, ಸುಣ್ಣ. ಕಾಳು ಬಾಯಾಗಿನ ಸುಣ್ಣ ಅಳ್ಯಾಕತ್ತೈತಿ. ರಕ್ತದಾಗ ಏನೂ ಉಳದಿಲ್ಲ. ಬೀಗ ತಗೀರಿ!"

ಬೀಗ ತೆರೆಯಿತು. ಸುಣ್ಣದ ಹನಿ ಹರಿಯಿತು. ಡಾಕ್ಟರ್ ಕುಸುಗಲ್ ಬಂದು ಇನ್ನೊಂದು ಸಿರಿಂಜು ತಾವೇ ನಿಧಾನವಾಗಿ ಕೊಟ್ಟರು. ಹದಿನೈದು ನಿಮಿಷಕ್ಕೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಎಲ್ಲ ತಣ್ಣಗಾದ ಮೇಲೆ ಇಮಾಮಸಾಬ ಛಾವಣಿ ನೋಡುತ್ತ ಹೇಳಿದ: "ಮೊದಲನೇ ವಾರದಾಗ ನಿಮ್ಮತ್ತಿ ನನಗೂ ಎಲಿ ಕೊಡಾಕ ಬಂದಿದ್ದಳು. ಯಾರರ ಎಲಿ ಕೊಟ್ಟಾಗ ಒಲ್ಲೆ ಅನಬಾರದು, ಆದ್ರೂ ಅಂದೆ. ಅವ್ವಾ, ನಂಗ ಟಾರ್ಚ್ ಐತಿ, ನಿಂಗ ಸೊಸಿ ಅದಾಳ, ನೀ ಹಾಕ್ಕೋ ಅಂದೆ."

ನಿರ್ಮಲಾ ಹೋಗಿ ಕೈ ತೊಳೆದಳು, ಮತ್ತೆ ತೊಳೆದಳು.

ಮುಂದಿನ ಸೋಮವಾರ ಅವಳನ್ನು ಹುಬ್ಬಳ್ಳಿಗೆ ಕರೆಸಿದರು. ನಿಗಾ ಕೋಣೆ ಕತ್ತಲೆಯಾಗಿ, ಮಂಜುಗಡ್ಡೆಯಷ್ಟು ತಂಪಾಗಿತ್ತು. ಗೋಡೆಯ ತುಂಬ ಗೆರೆಗಳು. ಏನು ಕೇಳಿದರೂ ಹೇಳಿಬಿಡಬೇಕೆಂದು ಅವಳು ಬಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದಳು. ಹೇಳಿದಳು. ಹದಿನೆಂಟು ಸಲ ಬಾಯಿ ನೋಡದೆಯೇ ಗುರುತು ಹಾಕಿದೆ ಎಂದಳು.

"ಯಾಕೆ?" ಎಂದ ವೈಶಾಖ್. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

"ಅತ್ತಿ ಅದಾರ್ರಿ."

ಅವನು ಕಾದ.

ನಿರ್ಮಲಾ ಪರ್ಸಿನಿಂದ ಒಂದು ಎಲೆ ತೆಗೆದಳು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು. ಸುಣ್ಣ ಸವರಿ ಮಡಿಚಿ ತನ್ನ ಬಾಯಿಗೆ ಹಾಕಿಕೊಂಡಳು. ಅಲ್ಲಿ ಮೇಜಿನ ಮೇಲಿದ್ದ ಹೊಸ ಕಾಳೊಂದನ್ನು ತಾನೇ ಒಸಡಿಗೆ ಅಂಟಿಸಿಕೊಂಡಳು. ಎರಡು ಸಲ ಅಗಿಯುವುದರೊಳಗೆ ಗೋಡೆಯ ಮೂಲೆಯಲ್ಲಿ ಒಂದು ಗೆರೆ ಗುಡ್ಡದಂತೆ ಎದ್ದು ನಿಂತಿತು.

ವೈಶಾಖ್ ಅದನ್ನೇ ನೋಡಿದ. ಕೀಲಿಮಣೆಯ ಮುಂದೆ ಕುಂತು ಎಲ್ಲ ತಾಲೂಕುಗಳ ಹಳೆಯ ಗೆರೆಗಳಲ್ಲಿ ಅದೇ ಆಕಾರವನ್ನು ಹುಡುಕಲು ಹೇಳಿದ. ಒಂದೊಂದಾಗಿ ಹೊಳೆಯತೊಡಗಿದವು. ಹನ್ನೊಂದು ಮಂದಿಯ ಗೆರೆಗಳು. ಟಾರ್ಚಿನವರು ಹೋದ ಮೇಲೆ ಹಾಕಿಕೊಂಡವರಿರಬೇಕು. ಟಾರ್ಚು ಹಿಡಿಯದ ಸೊಸೆಯಂದಿರೂ, ಮಕ್ಕಳೂ ಇರಬೇಕು. ಎಂಟನೆಯದು ಮೂರು ವಾರದ ಹಿಂದೆ, ಗುಡ್ಡವೊಂದರ ಇಳಿಜಾರಿನಲ್ಲೇ ನಿಂತುಹೋಗಿತ್ತು. ಪಕ್ಕದಲ್ಲಿ ಬರೆದಿತ್ತು: ಐವತ್ತೆಂಟು ವರ್ಷ, ಗಂಡಸು, ಹೃದಯಾಘಾತ.

ವೈಶಾಖ್ ಬಾಯಿಗೆ ಹಾಕಬಾರದ ವಸ್ತುಗಳ ಪಟ್ಟಿಯನ್ನು ಪರದೆಯ ಮೇಲೆ ತೆಗೆದ.

"ನಮ್ಮ ಪಟ್ಟಿಯಲ್ಲಿ ಚಹಾ ಇದೆ, ಚೂಯಿಂಗ್ ಗಮ್ ಇದೆ," ಎಂದ. "ಸುಣ್ಣ ಇಲ್ಲ. ನಮ್ಮ ಅಜ್ಜಿನೂ ಎಲೆ ಹಾಕ್ತಿದ್ರು. ನನಗೆ ಹೊಳೀಲೇ ಇಲ್ಲ."

ಮರುದಿನವೇ ಆದೇಶ ಬಂತು. ಎಲೆ ಹಾಕುವವರು ಯಾರೂ ಆ ಯಂತ್ರದ ಮೇಲೆ ಮಲಗುವಂತಿಲ್ಲ. ಗುಡ್ಡ ಕಂಡರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ನಿರ್ಮಲಾಗೆ ಲಿಖಿತ ಎಚ್ಚರಿಕೆ.

ಮನೆಯಲ್ಲಿ ಅದನ್ನು ಹೇಳಿದಾಗ ಫಕ್ಕೀರವ್ವ ಕಟ್ಟೆಯ ಮೇಲೆ ಕುಂತಿದ್ದಳು. ಸೊಂಟದ ಚಂಚಿ ಬಿಚ್ಚಿ ಸೊಸೆಯ ಮುಂದೆ ಎಸೆದಳು.

"ತಗೋ. ಹೇಳಬ್ಯಾಡ ಅಂದೆ, ಹೇಳಿದಿ. ಈಗ ಎಲೀನೂ ಹೋತು, ಮಷಿನೂ ಹೋತು. ನಾ ಏನ ಉಂಡಿದ್ನೇನ? ಎಲಿ ಉಂಡದ್ದರಾಗ ಬರತೈತೇನ?"

"ಹೇಳದಿದ್ರ ಅವತ್ತ ಅಲ್ಲೇ ಸಾಯ್ತಿದ್ರಿ ಅತ್ತಿ."

"ಈಗ ಸಾವಕಾಶ ಸಾಯ್ತೀನಿ ಬಿಡು. ಅವಸರ ಏನೈತಿ?"

ಎಲೆ ಬಿಟ್ಟಳು. ಮೊದಲ ನಾಲ್ಕು ದಿನ ಬಾಯಾರಿಕೆಗೆ ಮೈಮೇಲೆ ಬಂದವರ ಹಾಗೆ ಆಡಿದಳು, ಆದರೆ ಬಿಟ್ಟಳು. ಮೂರು ವಾರದ ಮೇಲೆ ನಿರ್ಮಲಾ ಕಾಳು ಹಚ್ಚಿ ನೋಡಿದಳು. ಯಂತ್ರ ಒಲ್ಲೆನೆಂದಿತು. ನಲವತ್ತು ವರ್ಷದ ಸುಣ್ಣ ಹಲ್ಲಿನ ಬುಡದಲ್ಲಿ ಕಿಟ್ಟದ ಹಾಗೆ ಕಟ್ಟಿತ್ತು. ಅದು ಕರಗಿ ಕರಗಿ ಒಸಡಿಗೆ ಇಳಿಯುತ್ತಲೇ ಇತ್ತು. ಅದನ್ನು ಕೆರೆದು ತೆಗೆಯಿರೆಂದರೆ ಹಲ್ಲಿನ ಡಾಕ್ಟರು ಮುಟ್ಟಲು ಹೆದರಿದರು: ಕಿಡ್ನಿ ಕೆಟ್ಟವರ ಒಸಡು ಹರಿದರೆ ರಕ್ತ ನಿಲ್ಲಬೇಕಲ್ಲ. ಇತ್ತ ಸಲಾಯನ್ ನೀರಿನ ಹಳೆಯ ಪದ್ಧತಿಯಲ್ಲಿ ನಳಿಗೆ ಎರಡು ಸಲ ಕಟ್ಟಿತು. ಫಕ್ಕೀರವ್ವನ ಹಿಮೋಗ್ಲೋಬಿನ್ ಐದಕ್ಕೆ ಬಂತು. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾರದಾದಳು.

ಆಗ ವೈಶಾಖ್ ಒಂದು ಪೆಟ್ಟಿಗೆ ಹಿಡಿದುಕೊಂಡು ಹುಬ್ಬಳ್ಳಿಯಿಂದ ತಾನೇ ಬಂದ. ಒಂದು ಹನಿ ರಕ್ತದಿಂದಲೇ ಸುಣ್ಣ ಅಳೆಯುವ ಕೈಯಂತ್ರ ಅದರಲ್ಲಿತ್ತು. ಅದಕ್ಕೆ ಅಳತೆಗೊಂದರಂತೆ ಹಾಕುವ ಬಿಲ್ಲೆಗಳು ಆರೇ.

"ಇನ್ನೊಂದು ವಾರ ಇವು ಸಿಗಲ್ಲ," ಎಂದ. "ಕಾಳಿಲ್ಲದೆ ಕೈಯಾರೆ ನಡೆಸಬಹುದು. ಡಾಕ್ಟರು ಸಹಿ ಹಾಕಿದರೆ ಬೀಗ ನಾನು ತೆಗೀತೀನಿ. ಒಂದು ಸಲಕ್ಕೆ ಮೂರೇ ಬಿಲ್ಲೆ. ನಡುವೆ ನಿಮಗೆ ಗೊತ್ತಾಗೋಕೆ ಒಂದೇ ದಾರಿ, ಪೇಷಂಟ್ ಹೇಳಬೇಕು. ತುಟಿ ಜುಮು ಅಂತಿದೆಯಾ, ಬೆರಳು ಜುಮು ಅಂತಿದೆಯಾ ಅಂತ. ಮುಚ್ಚಿಡೋರಾದ್ರೆ ಬೇಡ ಸಿಸ್ಟರ್. ಇನ್ನೊಂದು ಗೆರೆ ನಿಲ್ಲೋದು ನನಗೆ ಬೇಡ."

ಡಾಕ್ಟರ್ ಕುಸುಗಲ್ ಕನ್ನಡಕ ಒರೆಸಿಕೊಂಡು ನಿರ್ಮಲಾಳನ್ನು ಕೇಳಿದರು: "ಹೇಳ್ತಾಳೇನವಾ ನಿಮ್ಮತ್ತಿ?"

"ಗೊತ್ತಿಲ್ರಿ," ಎಂದಳು ನಿರ್ಮಲಾ.

ಡಾಕ್ಟರು ಸಹಿ ಹಾಕಿದರು. ಬೇರೆ ದಾರಿ ಅವರಿಗೂ ಕಾಣಲಿಲ್ಲ.

ಬುಧವಾರ ಬೆಳಿಗ್ಗೆ ಶುರುವಾಯಿತು. ನಿರ್ಮಲಾ ಆ ದಿನ ಬೇರೆ ಹಾಸಿಗೆಗಳನ್ನು ಜೊತೆಯವಳಿಗೆ ಒಪ್ಪಿಸಿ, ಅತ್ತೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಂತಳು. ಸುಣ್ಣದ ಹನಿ ಹೆಚ್ಚುಕಡಿಮೆ ಮಾಡುವ ತಿರುಪು ಕೈಯಲ್ಲಿ. ಹತ್ತು ನಿಮಿಷಕ್ಕೊಮ್ಮೆ ಒಂದೇ ಮಾತು.

"ತುಟಿ?"

"ಏನಿಲ್ಲ."

"ಬೆರಳು?"

"ಇಲ್ಲ ಅಂದ್ನೆಲ್ಲ."

ಮೊದಲ ಬಿಲ್ಲೆ ಸರಿ ಬಂತು. ಎರಡನೆಯದು ತುಸು ಕೆಳಗೆ. ತಿರುಪನ್ನು ಒಂದು ಗೆರೆ ಮೇಲೆ ಮಾಡಿದಳು. ನಳಿಗೆಯಲ್ಲಿ ರಕ್ತ ಕೆಂಪಗೆ ಓಡುತ್ತಿತ್ತು. ಮೂರನೆಯ ತಾಸಿಗೆ ಫಕ್ಕೀರವ್ವ ಬಲಗೈಯನ್ನು ಚಾದರದೊಳಗೆ ಎಳೆದುಕೊಂಡಳು.

"ಕೈ ತೋರಸ್ರಿ ಅತ್ತಿ."

"ಥಂಡಿ ಹತ್ತೈತಿ."

"ತುಟಿ?"

"ಏನಿಲ್ಲ ಅಂದ್ರ ಏನಿಲ್ಲ. ಎಷ್ಟ ಸಲ ಕೇಳ್ತಿ? ಪೊಲೀಸರಂಗ."

ಉಳಿದದ್ದು ಒಂದು ಬಿಲ್ಲೆ, ಮುಂದೆ ಇನ್ನೂ ಒಂದು ತಾಸು. ಮುಂದಿನ ಸಲದ ಮೂರನ್ನು ಮುಟ್ಟಿದರೆ ಆ ಸಲಕ್ಕೆ ಏನೂ ಇರುವುದಿಲ್ಲ. ನಿರ್ಮಲಾಳ ಕೈ ಚಾದರದ ಅಂಚಿನವರೆಗೆ ಹೋಯಿತು. ಜಗ್ಗಬಹುದಿತ್ತು. ಇವತ್ತು ಜಗ್ಗಿದರೆ ನಾಳೆ ಇನ್ನೆಲ್ಲಿಯೋ ಮುಚ್ಚಿಡುತ್ತಾಳೆ ಎನಿಸಿ ಕೈ ಹಿಂದಕ್ಕೆ ತೆಗೆದಳು. ಸ್ಟೂಲನ್ನು ಇನ್ನಷ್ಟು ಹತ್ತಿರ ಸರಿಸಿ, ಇಮಾಮಸಾಬನಿಗೆ ಕೇಳದಷ್ಟು ಸಣ್ಣಗೆ ಹೇಳಿದಳು:

"ಹದಿನೆಂಟ ಸಲ ನಾ ಸುಳ್ಳ ಬರದೇನ್ರಿ. ನಿಮ್ಮ ಬಾಯಿ ನೋಡಾಕ ನನಗ ನಾಚಿಕಿ ಬಂತು. ನೋಡಿದ್ರ ಇದ್ಯಾವುದೂ ಆಗತಿರಲಿಲ್ಲ. ಅದು ನನ್ನ ತಪ್ಪು, ನಿಮ್ಮದಲ್ಲ. ಇವತ್ತ ನೋಡಾಕ ಕಾಳಿಲ್ಲ, ಪರದೆ ಇಲ್ಲ. ನಿಮ್ಮ ಮಾತೊಂದ ಐತಿ. ಅದೂ ಸುಳ್ಳಾದ್ರ ನಾ ಯಾವುದನ್ನ ನೋಡಿ ಈ ತಿರುಪು ತಿರವಲಿ?"

ಫಕ್ಕೀರವ್ವ ಮುಖವನ್ನು ಗೋಡೆಗೆ ತಿರುಗಿಸಿದಳು. ಪಂಪು ಒಂದೇ ಸಮನೆ ತಿರುಗುತ್ತಿತ್ತು. ಗೋಡೆ ನೋಡುತ್ತಲೇ ಅವಳು ಚಾದರದಿಂದ ಕೈ ಹೊರಗೆ ತೆಗೆದು ಸೊಸೆಯ ಮಡಿಲಿನ ಮೇಲಿಟ್ಟಳು. ಹೆಬ್ಬೆರಳು ಆಗಲೇ ಒಳಕ್ಕೆ ಸರಿದಿತ್ತು.

"ಅರ್ಧ ತಾಸಾತು," ಎಂದಳು. "ಬಾಯಿ ಸುತ್ತ ಇರಿವಿ ಹರದಂಗ. ಹೇಳಿದ್ರ ನಿಲ್ಲಸ್ತಿ ಅಂತ ಸುಮ್ಮಕಿದ್ದೆ."

"ನಿಲ್ಲಸೂದಿಲ್ರಿ."

ನಿರ್ಮಲಾ ತಿರುಪನ್ನು ಎರಡು ಗೆರೆ ಏರಿಸಿದಳು. ಆ ಬಾಗಿದ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದು ಗಡಿಯಾರ ನೋಡಿದಳು.

"ಈಗ?"

"ಐತಿ."

ಐದು ನಿಮಿಷ ಬಿಟ್ಟು, "ಈಗ?"

ಫಕ್ಕೀರವ್ವ ನಾಲಗೆಯನ್ನು ತುಟಿಯ ಮೇಲೆ ಸಾವಕಾಶ ಆಡಿಸಿ ನೋಡಿಕೊಂಡಳು. ಅವಸರ ಮಾಡಲಿಲ್ಲ.

"ಬಲಕ್ಕ ಕಡಿಮಿ ಆಗೈತಿ," ಎಂದಳು. "ಎಡಕ್ಕ ಇನ್ನೂ ಐತಿ. ಬರಕೋ."